ಗುರುವಾರದ ಕೊನೆಯ ಎರಡು ಮಂಡಿಗಳು

ಜನ್ಮವಿಡೀ ಬೇರೆಯವರಿಗೆ ಸೂಜಿ ಚುಚ್ಚಿದ ಮನುಷ್ಯ ತನ್ನ ಸರದಿ ಬಂದಾಗ ಮಂಚದಿಂದ ಇಳಿದು ಓಡಿಬಂದ ಅಂದರೆ ಯಾರಿಗಾದರೂ ನಗು ಬರುತ್ತದೆ. ನನಗೂ ಬಂತು. ನಕ್ಕು ಸುಮ್ಮನಾಗಲಿಲ್ಲ, ಬಟ್ಟೆ ಹೊಲಿಸಲು ಬಂದವರಿಗೆಲ್ಲ ಹೇಳಿ ಹೇಳಿ ನಕ್ಕೆ. ಆ ನಗು ಈಗ ನೆನಪಾದರೆ ಕೈಯಲ್ಲಿರುವ ದಾರದಿಂದ ನನ್ನ ಬಾಯಿಯನ್ನೇ ಹೊಲಿದುಕೊಳ್ಳೋಣ ಅನ್ನಿಸುತ್ತದೆ.

ಓಡಿಬಂದವನು ನನ್ನ ಅಣ್ಣ. ಮೂಳೆ ಡಾಕ್ಟರ ಕ್ಲಿನಿಕ್ಕಿನಲ್ಲಿ ಮೂವತ್ತಾರು ವರ್ಷ ಕಾಂಪೌಂಡರ್ ಆಗಿದ್ದ. ಅಪ್ಪ ಅಮ್ಮ ಬೇಗ ಹೋದರು. ನನ್ನನ್ನು ಸಾಕಿದ, ಓದಿಸಿದ, ಹೊಲಿಗೆ ಮಿಷನ್ ಕೊಡಿಸಿದ, ಮದುವೆ ಮಾಡಿಸಿದ. ಆ ಮದುವೆ ಮುರಿದು ನಾನು ಪೆಟ್ಟಿಗೆ ಹಿಡಿದು ವಾಪಸು ಬಂದಾಗ "ಬಂದ್ಯಾ ಪುಟ್ಟಿ, ಮುಖ ತೊಳ್ಕೊಂಡು ಬಾ, ಊಟ ಮಾಡೋಣ" ಅಂದನೇ ಹೊರತು ಯಾಕೆ ಏನು ಅಂತ ಇವತ್ತಿನವರೆಗೂ ಕೇಳಿಲ್ಲ. ತಾನು ಮದುವೆಯಾಗುವುದನ್ನು ಮರೆತೇಬಿಟ್ಟ. ನನಗೀಗ ಐವತ್ತೆಂಟು, ಅವನಿಗೆ ಅರವತ್ತೇಳು. ಗಿರಾಕಿಗಳ ಎದುರಿಗೂ ಪುಟ್ಟಿ ಅಂತಲೇ ಕರೆದು ನನ್ನ ಮರ್ಯಾದೆ ತೆಗೆಯುತ್ತಾನೆ.

ಬೀದಿಯವರು ಅವನಿಗಿಟ್ಟ ಹೆಸರು ನೋವಿಲ್ಲಪ್ಪ. ಇಂಜೆಕ್ಷನ್ ಕೊಡುವ ಮುಂಚೆ "ನೋವಿಲ್ಲಪ್ಪಾ, ನೋವಿಲ್ಲ, ಇರುವೆ ಕಚ್ಚಿದ ಹಾಗೆ" ಅನ್ನುವುದು ಅವನ ಅಭ್ಯಾಸ. ಹೆಂಗಸರಿಗೂ ನೋವಿಲ್ಲಪ್ಪ, ಮಕ್ಕಳಿಗೂ ನೋವಿಲ್ಲಪ್ಪ. ಒಬ್ಬ ದಪ್ಪ ಮೀಸೆಯ ಪೊಲೀಸಿನವನಿಗೂ ಹಾಗೇ ಅಂದನಂತೆ. ಆ ಮಹಾಶಯ ಕೂಗಿದ ಕೂಗು ಕೆಳಗಿನ ಬೇಕರಿಯವರೆಗೆ ಕೇಳಿತ್ತು. ಆದರೂ ಜನ ಅವನಿಗಾಗಿಯೇ ಕಾದು ಕೂರುತ್ತಿದ್ದರು. ಹಗುರವಾದ ಕೈ ಅಂತ ಹೆಸರು.

ಆ ಕ್ಲಿನಿಕ್ಕಿನಲ್ಲಿ ಗುರುವಾರ ಮಂಡಿ ದಿನ. ಅವತ್ತು ಬೇರೆ ಯಾವ ಮೂಳೆಯನ್ನೂ ಮುಟ್ಟುತ್ತಿರಲಿಲ್ಲ. ಸವೆದ ಮಂಡಿ, ಊದಿದ ಮಂಡಿ, ನೀರು ತುಂಬಿದ ಮಂಡಿ, ಕೂತರೆ ಏಳಲಾರದ, ಎದ್ದರೆ ಕೂರಲಾರದ ಮಂಡಿ. ಗೋಡೆಯ ಉದ್ದಕ್ಕೂ ಇಟ್ಟ ಬೆಂಚಿನ ಮೇಲೆ ಹದಿನೈದು ಜನ ಬಟ್ಟೆಯನ್ನು ಮಂಡಿಯ ಮೇಲಕ್ಕೆ ಮಡಚಿಕೊಂಡು ಸಾಲಾಗಿ ಕೂತಿರುತ್ತಿದ್ದರು. ಮಂಡಿಯೊಳಗೆ ಸೂಜಿ ಹಾಕುವವರು ಡಾಕ್ಟರು. ಅದಕ್ಕೆ ಮುಂಚಿನದೆಲ್ಲ ಅಣ್ಣನದು. ಕಂದು ಬಣ್ಣದ ಔಷಧಿ ಹಚ್ಚಿ ಮಂಡಿಯನ್ನು ಮೂರು ಸಲ ಒರೆಸಬೇಕು, ಮರಗಟ್ಟಿಸುವ ಔಷಧಿಯನ್ನು ಒಂದು ಸಿರಿಂಜಿಗೆ ಎಳೆಯಬೇಕು, ಸ್ಟೀರಾಯ್ಡನ್ನು ಇನ್ನೊಂದಕ್ಕೆ, ಎಲ್ಲ ಟ್ರೇಯಲ್ಲಿ ಜೋಡಿಸಿ ಡಾಕ್ಟರ ಬಲಗೈ ಪಕ್ಕ ಇಡಬೇಕು. ಮಂಡಿಯಲ್ಲಿ ನೀರಿದ್ದರೆ ಡಾಕ್ಟರು ಮೊದಲು ಅದನ್ನು ಎಳೆದು ತೆಗೆಯುತ್ತಿದ್ದರು, ಆಮೇಲೆ ಔಷಧಿ. ಒಂದು ಮಂಡಿಗೆ ಐದು ನಿಮಿಷ.

ಮುಗಿದ ಮೇಲೆ ಅಣ್ಣನ ಭಾಷಣ. "ಹೊಸ ಮಂಡಿ ಕೊಟ್ಟಿಲ್ಲ ಕಣಪ್ಪಾ, ಹಳೇದಕ್ಕೆ ಸ್ವಲ್ಪ ದಿನ ರಜ ಕೊಟ್ಟಿದೀವಿ. ಎರಡು ತಿಂಗಳೋ ಮೂರು ತಿಂಗಳೋ ಆರಾಮಾಗಿರ್ತೀಯ. ಆಮೇಲೆ ಮತ್ತೆ ನೋಯತ್ತೆ, ಆವಾಗ ನನ್ನ ಬೈಬೇಡ. ವರ್ಷಕ್ಕೆ ಮೂರು ಸಲಕ್ಕಿಂತ ಜಾಸ್ತಿ ಕೇಳ್ಲೂಬೇಡ. ಸಕ್ಕರೆ ಕಾಯಿಲೆ ಇದ್ರೆ ಈ ವಾರ ಸಕ್ಕರೆ ಏರತ್ತೆ, ನೋಡ್ಕೋ. ಎರಡು ದಿನ ಕಾಲಿಗೆ ಕೆಲಸ ಕೊಡ್ಬೇಡ." ಇಷ್ಟನ್ನೂ ಒಂದೇ ಉಸಿರಿಗೆ ಹೇಳುತ್ತಿದ್ದ. ನನಗೂ ಬಾಯಿಪಾಠ.

ಸ್ಟೀರಾಯ್ಡ್ ಬರುವುದು ಒಬ್ಬರಿಗೆ ಒಂದು ಪುಟ್ಟ ಸೀಸೆ. ಮರಗಟ್ಟಿಸುವ ಔಷಧಿ ಮಾತ್ರ ದೊಡ್ಡ ಬಾಟಲಿಯಲ್ಲಿ, ಬಾಯಿಗೆ ರಬ್ಬರ್ ಬಿರಡೆ. ಬೆಂಚಿನ ಮೇಲಿನವರಿಗೆಲ್ಲ ಅದೊಂದರಿಂದಲೇ. ಅದಕ್ಕೆ ಅಣ್ಣ ಒಂದು ಕಟ್ಟುನಿಟ್ಟು ಮಾಡಿಕೊಂಡಿದ್ದ. ಪ್ರತಿ ಗುರುವಾರ ಬೆಳಿಗ್ಗೆ ಹೊಸ ಬಾಟಲಿ. ಅದಕ್ಕೊಂದು ಬಿಳಿ ಪ್ಲಾಸ್ಟರ್ ಚೂರು ಅಂಟಿಸಿ ಅವತ್ತಿನ ತಾರೀಕು ಬರೆಯುತ್ತಿದ್ದ. ಸಂಜೆಗೆ ಎಷ್ಟೇ ಉಳಿದಿರಲಿ, ಸಿಂಕಿಗೆ ಸುರಿದು ಬರುತ್ತಿದ್ದ. "ನಿಮ್ಮ ಕಾಂಪೌಂಡರು ಸಿಂಕಿನ ಮಂಡಿನೋವೂ ವಾಸಿ ಮಾಡ್ತಾನೆ" ಅಂತ ಡಾಕ್ಟರು ನನ್ನ ಹತ್ತಿರ ಹಾಸ್ಯ ಮಾಡಿದ್ದುಂಟು.

ಐದು ವರ್ಷದ ಹಿಂದೆ ನಿವೃತ್ತನಾದ. ಆ ಹಳೆಯ ಡಾಕ್ಟರೂ ತೀರಿಹೋದರು, ಅವರ ಮಗಳು ಕ್ಲಿನಿಕ್ ನಡೆಸುತ್ತಿದ್ದಾರೆ. ಹೋದ ವರ್ಷದಿಂದ ಅಣ್ಣನ ಎಡ ಮಂಡಿಯೇ ಕೈಕೊಟ್ಟಿತು. ನಮ್ಮದು ಮೊದಲನೇ ಮಹಡಿ. ಮೆಟ್ಟಿಲು ಇಳಿಯುವಾಗ ಹಿಂದುಮುಂದಾಗಿ, ಕಂಬಿ ಹಿಡಿದು, ಒಂದೊಂದೇ ಇಳಿಯುತ್ತಿದ್ದ. ಮಾತ್ರೆ ನುಂಗಿದ, ಕಾಲು ಮಡಚಿ ಚಾಚುವ ವ್ಯಾಯಾಮ ಮಾಡಿದ, ಬಿಸಿ ಶಾಖ ಕೊಟ್ಟದ್ದೂ ಆಯಿತು. ಡಾಕ್ಟರಮ್ಮ ಎಕ್ಸ್‌ರೇ ಎತ್ತಿ ಹಿಡಿದು ನೋಡಿ, "ಅಂಕಲ್, ನಿಮಗೆ ನಾನು ಹೇಳಿಕೊಡಬೇಕಾ? ಒಂದು ಇಂಜೆಕ್ಷನ್ ಹಾಕ್ಸಿ. ಮೂರು ತಿಂಗಳು ತಳ್ಳಬಹುದು" ಅಂದರು.

ಗುರುವಾರ ನಾನೇ ಕರೆದುಕೊಂಡು ಹೋದೆ. ಅಣ್ಣ ಮಂಚ ಹತ್ತಿ ಮಲಗಿದ. ನರ್ಸು ಮಂಡಿ ಒರೆಸಿದಳು, ಒಂದು, ಎರಡು, ಮೂರು. ಬಾಟಲಿಯನ್ನು ತಲೆಕೆಳಗು ಹಿಡಿದು ಸಿರಿಂಜಿಗೆ ಔಷಧಿ ಎಳೆಯಲು ಶುರುಮಾಡಿದಳು. ಅಣ್ಣ ಅದನ್ನೇ ನೋಡುತ್ತಿದ್ದವನು ಧಡಕ್ಕನೆ ಎದ್ದು, ಕಂದು ಬಣ್ಣ ಮೆತ್ತಿದ ಮಂಡಿಯಲ್ಲೇ, ಚಪ್ಪಲಿ ಕೂಡ ಹಾಕಿಕೊಳ್ಳದೆ ಬಾಗಿಲು ದಾಟಿದ. ನೋಯುವ ಕಾಲಲ್ಲಿ ಅಷ್ಟು ಜೋರಾಗಿ ನಡೆಯಬಹುದು ಅಂತ ನನಗೆ ಗೊತ್ತೇ ಇರಲಿಲ್ಲ. ಚಪ್ಪಲಿ ಕೈಯಲ್ಲಿ ಹಿಡಿದು ಹಿಂದೆ ಓಡಿದವಳು ನಾನು. ಊರೆಲ್ಲ ಹೇಳಿಕೊಂಡು ನಕ್ಕಿದ್ದು ಇದನ್ನೇ.

ಮೂರು ದಿನ ಬಿಟ್ಟು ಮತ್ತೆ ಹೋಗೋಣ ಅಂದೆ. ಬೇಡ ಅಂದ. ಬೈದೆ. ಜಗ್ಗಲಿಲ್ಲ. ಇನ್ನೊಬ್ಬ ಡಾಕ್ಟರಿಗಾದರೂ ತೋರಿಸೋಣ ಅಂತ ಎಕ್ಸ್‌ರೇ ಹುಡುಕಲು ಅವನ ಕಬ್ಬಿಣದ ಪೆಟ್ಟಿಗೆ ತೆಗೆದೆ. ಅಡಿಯಲ್ಲಿ ಒಂದು ಬಿಸ್ಕತ್ತಿನ ಡಬ್ಬಿ. ಹೆಣ್ಣಿನ ಫೋಟೋ ಏನಾದರೂ ಇಟ್ಟಿದ್ದಾನೋ ಮುದುಕಪ್ಪ ಅಂತ ಆಸೆಯಿಂದ ಮುಚ್ಚಳ ತೆಗೆದರೆ, ಹತ್ತಿಯೊಳಗೆ ಸುತ್ತಿಟ್ಟ ಒಂದು ಔಷಧಿ ಬಾಟಲಿ. ಖಾಲಿ. ಪ್ಲಾಸ್ಟರಿನ ಚೂರು ಹಳದಿಯಾಗಿತ್ತು, ತಾರೀಕು ಅಣ್ಣನ ಅಕ್ಷರದಲ್ಲಿ, ಹನ್ನೊಂದು ವರ್ಷ ಹಳೆಯದು. ರಬ್ಬರ್ ಬಿರಡೆಯಲ್ಲಿ ಒಂದು ಸೂಜಿ ಚುಚ್ಚಿದಂತೆಯೇ ಇತ್ತು. ಏನೂ ಗೊತ್ತಿಲ್ಲದಿದ್ದರೂ ಅದನ್ನು ಮುಟ್ಟಲು ನನಗೆ ಒಂಥರಾ ಆಯಿತು.

ಬಾಗಿಲಲ್ಲಿ ಅಣ್ಣ ನಿಂತಿದ್ದ. "ಇಡು ಪುಟ್ಟಿ ಅದನ್ನ" ಅಂದ. ಆಮೇಲೆ ಮಂಚದ ಅಂಚಿಗೆ ಕೂತು, ನಾನು ಕೇಳದೆಯೇ ಹೇಳಿದ.

"ಆವತ್ತು ಗುರುವಾರ ಬೆಂಚು ತುಂಬಿ ಹೊರಗೂ ನಿಂತಿದ್ರು. ಹತ್ತೊಂಬತ್ತು ಮಂಡಿ. ಹದಿನೇಳಕ್ಕೆ ಬಾಟ್ಲಿ ಖಾಲಿ ಆಯ್ತು. ಸ್ಟೋರ್ ಬೀಗದ ಕೈ ಗುಮಾಸ್ತನ ಹತ್ರ, ಅವನು ಊಟಕ್ಕೆ ಹೋಗಿದ್ದ. ಡಾಕ್ಟ್ರಿಗೆ ದೊಡ್ಡಾಸ್ಪತ್ರೇಲಿ ಆಪರೇಷನ್ ಇತ್ತು, ಒಳಗಿಂದ ‘ಆಯ್ತೇನಯ್ಯಾ, ಆಯ್ತೇನಯ್ಯಾ’ ಅಂತಿದ್ರು. ಕಿಟಕಿ ಕಟ್ಟೆ ಮೇಲೆ ಹಿಂದಿನ ವಾರದ್ದು ಒಂದು ಬಾಟ್ಲಿ ಇತ್ತು. ಆ ವಾರ ಸುರಿಯೋದು ಮರೆತಿದ್ದೆ. ಬೇಗ ಬೇಗ ಎಳೆಯೋಕೆ ಅಂತ ಬಿರಡೇಲಿ ಸೂಜಿ ಬಿಟ್ಟಿರ್ತೀವಿ, ಅದನ್ನೂ ತೆಗೆದಿರಲಿಲ್ಲ. ಏಳು ದಿನ ಬಿಸಿಲು ಧೂಳಲ್ಲಿ ಹಾಗೇ ಬಾಯಿ ಬಿಟ್ಕೊಂಡಿತ್ತು."

"ನೋಡ್ಲಿಲ್ವಾ ನೀನು?"

"ನೋಡ್ದೆ. ನಾನೇ ಬರೆದ ತಾರೀಕು. ನೋಡಿದ್ಮೇಲೂ ಎಳೆದೆ. ಇನ್ನಿಬ್ರಿಗೆ ತಾನೆ ಅಂತ."

ಆ ಇಬ್ಬರಲ್ಲಿ ಒಬ್ಬ ಬಸ್ ಡ್ರೈವರು. ಶನಿವಾರ ಅವನ ಮಂಡಿ ಊದಿತು, ಕೂಡಲೇ ಓಡಿಬಂದ, ಜೋರು ಔಷಧಿ ಬಿತ್ತು, ಹತ್ತು ದಿನಕ್ಕೆ ಇಳಿಯಿತು. ಇನ್ನೊಬ್ಬಳು ಮೆಟ್ಟಿಲಮ್ಮ.

ಮೆಟ್ಟಿಲಮ್ಮ ಯಾರೆಂದು ನನಗೆ ಯಾರೂ ಹೇಳಬೇಕಾಗಿರಲಿಲ್ಲ. ನಮ್ಮ ಬೀದಿಯ ಕೊನೆಯ ಮನೆ. ಏಳು ಕಟ್ಟಡಗಳ ಮೆಟ್ಟಿಲನ್ನು ಮಂಡಿಯೂರಿ ಉಜ್ಜಿ ಉಜ್ಜಿ ಮಂಡಿ ಸವೆಸಿಕೊಂಡವಳು. ಸೈಕಲ್ ರಿಪೇರಿ ಅಂಗಡಿಯವರ ಹೆಂಡತಿ. ಇಂಜೆಕ್ಷನ್ ಆದಮೇಲೆ ನಂಜಾಗಿ ಬಲ ಮಂಡಿ ಕುಂಬಳಕಾಯಿಯಷ್ಟು ಊದಿ, ದೊಡ್ಡಾಸ್ಪತ್ರೆಯಲ್ಲಿ ಎರಡು ಸಲ ಕೊಯ್ದು ಕೀವು ತೊಳೆದು, ಜೀವ ಉಳಿಯಿತು. ಮಂಡಿ ಮಾತ್ರ ಬೆಸೆದುಕೊಂಡುಬಿಟ್ಟಿತು. ಅಂದಿನಿಂದ ಆ ಕಾಲು ಮಡಚಿಲ್ಲ. ಕೆಲಸ ಹೋಯಿತು. ಕೋಲು ಊರಿ, ಸೆಟೆದ ಕಾಲನ್ನು ಎಳೆದುಕೊಂಡು ದಿನಾ ಹತ್ತೂವರೆಗೆ ನಮ್ಮ ಕಿಟಕಿ ಕೆಳಗೆ ಅಂಗಡಿಗೆ ಹೋಗುತ್ತಾಳೆ. ಮೊದಲು ಕೋಲು ಟಕ್ ಅನ್ನುತ್ತದೆ, ಆಮೇಲೆ ಚಪ್ಪಲಿ ಸರ್ರನೆ ಸರಿಯುತ್ತದೆ. "ಅಣ್ಣ ಆರಾಮಾ ಟೇಲರಮ್ಮ? ಆವತ್ತು ಅವರು ಎತ್ಕೊಂಡು ಆಟೋಗೆ ಹಾಕಿ ಆಸ್ಪತ್ರೆಗೆ ಓಡದೆ ಇದ್ದಿದ್ರೆ ನಾನೆಲ್ಲಿ ಇರ್ತಿದ್ದೆ!" ಅಂತ ಕೆಳಗಿನಿಂದ ಕೂಗುತ್ತಾಳೆ. ಹನ್ನೊಂದು ವರ್ಷ ಕೂಗಿದ್ದಾಳೆ.

ಆ ಟಕ್ ಕೇಳಿದ ತಕ್ಷಣ ಅಣ್ಣ ಎದ್ದು ಅಡುಗೆಮನೆಗೆ ಹೋಗಿ ನಲ್ಲಿ ಪೂರ್ತಿ ಬಿಡುತ್ತಿದ್ದ. ತೊಳೆಯಲು ಪಾತ್ರೆ ಇರಲಿ ಇಲ್ಲದಿರಲಿ. ನೀರು ಪೋಲು ಮಾಡ್ತೀಯಾ ಅಂತ ಅದಕ್ಕೂ ಬೈಯುತ್ತಿದ್ದೆ ನಾನು. ಏನು ಕಣ್ಣೋ ನನ್ನದು! ಬಟ್ಟೆಯಲ್ಲಿ ಒಂದು ಎಳೆ ತಪ್ಪಿದ್ದರೆ ಹತ್ತಡಿಯಿಂದ ಕಾಣುತ್ತದೆ.

"ಡಾಕ್ಟ್ರಿಗೆ ಹೇಳ್ಲಿಲ್ವಾ?" ಅಂತ ಕೇಳಿದೆ.

"ಬಾಯಿಗೆ ಬಂತು. ಅಷ್ಟರಲ್ಲಿ ಅವರೇ ‘ಸಾವಿರಾರು ಮಂಡೀಲಿ ಒಂದೆರಡಕ್ಕೆ ಹೀಗಾಗತ್ತೆ, ಯಾರ ತಪ್ಪೂ ಅಲ್ಲ’ ಅಂದ್ರು. ಆ ಮಾತಿನ ಹಿಂದೆ ಅಡಗಿಕೊಂಡೆ." ಅವನು ಮಂಡಿ ಒತ್ತಿಕೊಂಡ. "ಆಮೇಲೆ ಆರು ವರ್ಷ ಕೆಲಸ ಮಾಡ್ದೆ. ಯಾರ ಮಂಡಿ ಒರೆಸಿದ್ರೂ ಅವಳ ಮಂಡೀನೇ ಕಾಣೋದು. ಮೂರು ಸಲ ಒರೆಸೋ ಕಡೆ ಹತ್ತು ಸಲ ಒರೆಸ್ತಿದ್ದೆ. ಡಾಕ್ಟ್ರು ಬೈಯೋರು, ಪಾತ್ರೆ ತಿಕ್ಕಿದ ಹಾಗೆ ತಿಕ್ತೀಯಲ್ಲಯ್ಯಾ ಅಂತ. ಕನಸಲ್ಲಿ ಬಂದಿದ್ರೆ ಎದ್ದು ಕೂರಬಹುದಿತ್ತು ಪುಟ್ಟಿ. ಅವಳು ಹಗಲಲ್ಲೇ ಬರ್ತಾಳೆ. ಬಂದು ಚೆನ್ನಾಗಿದೀರಾ ಅಂತ ಕೇಳ್ತಾಳೆ."

ನನಗೆ ಅಳು ಬಂತು, ಸಿಟ್ಟೂ ಬಂತು, ಯಾರ ಮೇಲೆ ಅಂತ ತಿಳಿಯಲಿಲ್ಲ.

"ಅವಳಿಗೆ ಹೇಳ್ಬೇಕು" ಅಂದ ಅಣ್ಣ. "ಆ ಔಷಧಿ ಹಾಕಿಸ್ಕೊಂಡು ನಾನು ಆರಾಮಾಗಿ ಮೆಟ್ಲು ಹತ್ತಿ ಇಳಿದುಕೊಂಡಿರಲಾ, ಅವಳಿಗೆ ಹೇಳದೆ? ಆ ಮಂಚದ ಮೇಲೆ ನನ್ನ ಕೈಲಿ ಮಲಗೋಕಾಗಲ್ಲ. ಇವತ್ತೇ ಹೋಗ್ತೀನಿ."

ಹೋಗಲು ಬಿಡಲಿಲ್ಲ ನಾನು. ಇದನ್ನು ಹೇಳಿಕೊಳ್ಳಲಿಕ್ಕೇ ಇಷ್ಟೆಲ್ಲ ಹೇಳುತ್ತಿದ್ದೇನೆ ಅಂದುಕೊಳ್ಳಿ. ಬಾಗಿಲಿಗೆ ಅಡ್ಡ ನಿಂತೆ. "ಯಾವ ಸೌಭಾಗ್ಯಕ್ಕೆ? ಹೇಳಿದ್ರೆ ಅವಳ ಕಾಲು ಮಡಚತ್ತಾ? ಅವಳಿಗೆ ನಿನ್ನ ಮೇಲೆ ಎಷ್ಟು ಗೌರವ! ಇರೋ ಒಂದು ಸಮಾಧಾನನೂ ಕಿತ್ಕೋತೀಯಾ? ನಿನ್ನ ಎದೆ ಹಗುರ ಮಾಡ್ಕೊಳ್ಳೋಕೆ ಅವಳ ತಲೆ ಮೇಲೆ ಕಲ್ಲು ಹಾಕ್ತೀಯಾ?" ಮಾತು ಜೋಡಿಸುವುದರಲ್ಲಿ ನನ್ನನ್ನು ಮೀರಿಸುವವರಿಲ್ಲ. ನಿಜ ಹೇಳಬೇಕೆಂದರೆ ನನಗೆ ಭಯವಾಗಿತ್ತು. ಬೀದಿಯಲ್ಲಿ ಜನ ಏನಂದಾರು, ಪೊಲೀಸು ಗಿಲೀಸು ಅಂತ ಆದರೆ ಈ ವಯಸ್ಸಿನಲ್ಲಿ ಅಣ್ಣ ಎಲ್ಲಿ ನಿಲ್ಲಬೇಕು, ನಾನೆಲ್ಲಿ ನಿಲ್ಲಬೇಕು. ಕೊನೆಗೆ ಅವನ ಕೈಯನ್ನು ನನ್ನ ತಲೆಯ ಮೇಲೆ ಇಟ್ಟುಕೊಂಡು, "ಹೇಳಿದ್ರೆ ನನ್ನಾಣೆ" ಅಂದುಬಿಟ್ಟೆ.

ಅಣ್ಣ ಆಣೆ ಮುರಿಯುವವನಲ್ಲ. ಒಂದು ವಾರ, ಎರಡು ವಾರ, ಆರು ವಾರ. ಮಂಡಿ ಇನ್ನೂ ಕೆಟ್ಟಿತು. ಕಿಟಕಿ ಕೆಳಗೆ ಟಕ್, ಸರ್ರ್ ಕೇಳಿದಾಗ ಎದ್ದು ಅಡುಗೆಮನೆಗೆ ಹೋಗಲೂ ಆಗದೆ ಕೂತಲ್ಲೇ ಕಣ್ಣು ಮುಚ್ಚುತ್ತಿದ್ದ. ಈಗ ಎದ್ದು ಹೋಗಿ ನಲ್ಲಿ ಬಿಡುವವಳು ನಾನಾದೆ. ಗುಟ್ಟು ಗೊತ್ತಾದ ಮೇಲೆ ಆ ಸದ್ದನ್ನು ನನ್ನಿಂದಲೂ ಕೇಳಲಾಗುತ್ತಿರಲಿಲ್ಲ. ಮಿಷನ್ ತುಳಿಯುತ್ತಾ ಕೂತರೆ ಮಿಷನ್ನಿನ ಸದ್ದಿನೊಳಗೂ ಕೋಲಿನ ಸದ್ದೇ ಕೇಳುತ್ತಿತ್ತು. ನಿಲ್ಲಿಸಿ ಬಗ್ಗಿ ನೋಡಿದರೆ ಬೀದಿಯಲ್ಲಿ ಯಾರೂ ಇರುತ್ತಿರಲಿಲ್ಲ.

ಆಮೇಲೆ ಒಂದು ದಿನದಿಂದ ಆ ಸದ್ದು ನಿಂತಿತು. ಸೈಕಲ್ ಅಂಗಡಿಯವರಿಗೆ ಎದೆನೋವು ಬಂದು ಆಸ್ಪತ್ರೆಗೆ ಸೇರಿಸಿದ್ದರು. ನಾಲ್ಕನೇ ದಿನ ಅವರು ಹೋಗಿಬಿಟ್ಟರು. ನಾನೊಬ್ಬಳೇ ಹೋಗಿ ಎರಡು ಮಾತಾಡಿ ಬಂದೆ. ಅಣ್ಣ ಮೆಟ್ಟಿಲು ಇಳಿಯಲಾರ ಅಂತ ಹೇಳಿದೆ, ಅದು ಸುಳ್ಳೂ ಆಗಿರಲಿಲ್ಲ. ಎರಡು ವಾರ ಕಳೆದು, ಒಂದು ಶುಕ್ರವಾರ ಬೆಳಿಗ್ಗೆ, ಮತ್ತೆ ಟಕ್ ಅಂತು. ಕಿಟಕಿ ಕೆಳಗೆ ಮೆಟ್ಟಿಲಮ್ಮ.

"ಟೇಲರಮ್ಮ, ನಾಳೆ ಮನೆ ಖಾಲಿ ಮಾಡ್ತಿದೀನಿ. ತಂಗಿ ಮನೆಗೆ ಹೋಗ್ತೀನಿ, ದೂರ ಅದು, ಇನ್ನು ಈ ಕಡೆ ಬರೋ ಹಾಗಿಲ್ಲ. ಅಣ್ಣನಿಗೆ ಹೇಳಿಬಿಡಿ."

ಅವಳು ಹೋದ ಮೇಲೆ ಅಣ್ಣ ನನ್ನ ಮಿಷನ್ ಹತ್ತಿರ ಬಂದು ನಿಂತ. "ನಿನ್ನ ಆಣೆ ವಾಪಸ್ ತಗೋ ಪುಟ್ಟಿ" ಅಂದ. ಬೇಡಿಕೊಳ್ಳಲಿಲ್ಲ, ಗದರಲೂ ಇಲ್ಲ. ನಾಳೆ ಅನ್ನುವುದು ಮುಗಿದರೆ ಇವನು ಸಾಯುವವರೆಗೂ ಆ ಕುರ್ಚಿಯಲ್ಲಿ ಕಣ್ಣು ಮುಚ್ಚಿಕೊಂಡೇ ಕೂರುತ್ತಾನೆ ಅಂತ ನನಗೆ ಕಂಡಿತು. ಸರಿ, ತಗೊಂಡೆ ಅಂದೆ.

ನಮ್ಮ ಮನೆಯಿಂದ ಬೀದಿಯ ಕೊನೆಗೆ ನಾಲ್ಕು ನಿಮಿಷ. ಅವತ್ತು ಅರ್ಧ ಗಂಟೆ ಹಿಡಿಯಿತು. ಎರಡು ಕಡೆ ಗೋಡೆಗೆ ಒರಗಿ ನಿಂತ. ಆಟೋ ಕರೀತೀನಿ ಅಂದರೆ ಬೇಡ ಅಂದ.

ಮೆಟ್ಟಿಲಮ್ಮನದು ನೆಲಮಹಡಿಯ ಒಂದು ಕೋಣೆ, ಅಡುಗೆಗೆ ಒಂದು ಮೂಲೆ. ಪಾತ್ರೆಗಳೆಲ್ಲ ಚೀಲಕ್ಕೆ ಹೋಗಿದ್ದವು, ಹಾಸಿಗೆಗೆ ಹಗ್ಗ ಬಿಗಿದಿತ್ತು. ಮಧ್ಯೆ ಒಂದು ಮರದ ಕುರ್ಚಿ ಮಾತ್ರ ಕಟ್ಟದೆ ಉಳಿದಿತ್ತು. ನಾನು ಅಣ್ಣನನ್ನು ಅದರಲ್ಲಿ ಕೂರಿಸಹೋದೆ. "ಅದು ಬೇಡ ಟೇಲರಮ್ಮ, ಅದು ಇವರದು" ಅಂದಳು. ಅಣ್ಣನನ್ನು ಹಾಸಿಗೆ ಸುರುಳಿಯ ಮೇಲೆ ಕೂರಿಸಿದೆ. ಆಕೆ ಸ್ಟೂಲಿನ ಮೇಲೆ ಕೂತು ಸೆಟೆದ ಕಾಲನ್ನು ಮುಂದಕ್ಕೆ ಚಾಚಿದಳು. "ಈ ಕಾಲಲ್ಲಿ ನಡ್ಕೊಂಡು ಬಂದ್ರಾ ಅಣ್ಣ? ನನಗೋಸ್ಕರ? ಏನು ಜನ ನೀವು!" ಅಂತ ಅವಳ ಕಣ್ಣು ತುಂಬಿತು.

ಅಣ್ಣ ಹೇಳಿದ. ನನಗೆ ಹೇಳಿದ್ದನ್ನೇ, ಒಂದೂ ಬಿಡದೆ. ಹತ್ತೊಂಬತ್ತು ಮಂಡಿ, ಸ್ಟೋರಿನ ಬೀಗ, ಕಿಟಕಿ ಕಟ್ಟೆ, ಬಿರಡೆಯಲ್ಲಿ ಬಿಟ್ಟ ಸೂಜಿ. ತಾರೀಕು ನೋಡಿದ್ದೆ ಅನ್ನುವುದನ್ನು ಎರಡು ಸಲ ಹೇಳಿದ. "ನಿಮ್ಮ ಕಾಲು ತೆಗೆದವನು ನಾನಮ್ಮ. ಕ್ಷಮಿಸಿ ಅಂತ ಕೇಳೋಕೂ ಬಾಯಿ ಬರಲ್ಲ" ಅಂದು ತಲೆ ತಗ್ಗಿಸಿದ.

ಅವಳು ಬೈಯಬಹುದು, ಎದೆ ಬಡಿದುಕೊಳ್ಳಬಹುದು, ಹೋಗಲಿ ಬಿಡಿ ಅನ್ನಬಹುದು ಅಂತೆಲ್ಲ ದಾರಿಯುದ್ದಕ್ಕೂ ಲೆಕ್ಕ ಹಾಕಿದ್ದೆ. ಅವಳು ಅದ್ಯಾವುದನ್ನೂ ಮಾಡಲಿಲ್ಲ.

"ಆ ಇನ್ನೊಬ್ರು, ಡ್ರೈವರು" ಅಂದಳು. "ಅವರು ಆವತ್ತು ಮಂಡಿ ನೀರಲ್ಲಿ ಊರಿದ್ರಾ?"

ಅಣ್ಣನಿಗೆ ಅರ್ಥವಾಗಲಿಲ್ಲ. "ನೀರಲ್ಲಿ? ಇಲ್ಲಮ್ಮ. ಅವನು ಎರಡು ದಿನ ಮಲಗೇ ಇದ್ದ. ಹೇಳಿದ ಹಾಗೆ ಕೇಳೋನು."

"ಮಲಗಿದ್ರೂ ಊದಿತಾ?"

"ಊದಿತು."

"ಸರಿಯಾಗಿ ಹೇಳಿ. ನೀರು ಮುಟ್ಟಿರಲಿಲ್ಲ?"

"ಇಲ್ಲ. ಬಾಟ್ಲಿಯಿಂದಲೇ ಅದು."

ಮೆಟ್ಟಿಲಮ್ಮ ತನ್ನ ಮಂಡಿಯನ್ನು ನೋಡಿದಳು. ಆಮೇಲೆ ನಮ್ಮಿಬ್ಬರಿಗೂ ಅಲ್ಲ ಅನ್ನುವಂತೆ ಮಾತಾಡಿದಳು.

"ನಾನು ಆವತ್ತು ಸಂಜೆ ಕೆಲಸಕ್ಕೆ ಹೋಗಿದ್ದೆ. ನೋವೇ ಇರಲಿಲ್ಲವಲ್ಲ, ಎಷ್ಟು ವರ್ಷದ ಮೇಲೆ! ಖುಷಿ ತಡೀಲಿಲ್ಲ. ಒಂದೇ ಒಂದು ಕಟ್ಟಡ, ಮೂರು ಮಹಡಿ. ಮಂಡಿಯೂರಿ ತೊಳೆದೆ. ಸೂಜಿ ತೂತಿಂದ ಹೊಲಸು ನೀರು ಒಳಗೆ ಹೋಗಿ ನಂಜಾಯ್ತು ಅಂತ ನಮ್ಮನೆಯವರು ಅಂದ್ರು. ನಾನೂ ಅದೇ ಅಂದ್ಕೊಂಡೆ. ಎರಡು ದಿನ ಕೂರು ಅಂತ ನೀವು ಹೇಳಿದ್ರಲ್ಲ, ನಾನೇ ಕೇಳ್ಲಿಲ್ಲವಲ್ಲ ಅಂತ."

ಅಣ್ಣ ತಗ್ಗಿಸಿದ ತಲೆ ಎತ್ತಿದ.

"ಅವರು ಕೆಟ್ಟೋರಲ್ಲ. ಅಂಗಡಿ ಬೇಗ ಮುಚ್ಚಿ ಬಂದು ಅಡುಗೆ ಮಾಡೋರು, ನನ್ನನ್ನ ಸ್ನಾನಕ್ಕೆ ಕೂರಿಸೋರು. ಪ್ರತಿ ಸಲ ಎತ್ತುವಾಗ ಒಂದು ಮಾತು. ‘ಕೈಯಾರೆ ಕಾಲು ಕಳ್ಕೊಂಡೆಯಲ್ಲೇ.’ ಬೆಳಿಗ್ಗೆ ಒಂದು ಸಲ, ಸಂಜೆ ಒಂದು ಸಲ. ನಾನು ತಪ್ಪಾಯ್ತು ಅಂತಿದ್ದೆ. ಹನ್ನೊಂದು ವರ್ಷ ತಪ್ಪಾಯ್ತು ಅಂದಿದೀನಿ. ಆಸ್ಪತ್ರೇಲಿ ಕೊನೇ ದಿನ ನೀರು ಕುಡಿಸ್ತಿದ್ದೆ. ಆವಾಗ್ಲೂ, ‘ಆವತ್ತು ಒಂದಿನ ಸುಮ್ನೆ ಕೂತಿದ್ರೆ, ನಾನು ಹೋದ್ಮೇಲೆ ನಿನಗೆ ನಿನ್ನ ಕಾಲಾದ್ರೂ ಇರ್ತಿತ್ತು’ ಅಂದ್ರು. ಅದೇ ಅವರ ಕೊನೇ ಮಾತು. ಆವಾಗ್ಲೂ ತಪ್ಪಾಯ್ತು ಅಂದೆ."

ನನಗೆ ಅಲ್ಲಿಂದ ಎದ್ದು ಹೋಗಬೇಕು ಅನ್ನಿಸಿತು. ಅಷ್ಟರಲ್ಲಿ ಅವಳು ನನ್ನ ಕಡೆ ತಿರುಗಿದಳು.

"ಟೇಲರಮ್ಮ, ನಿಮಗೆ ಇದು ಯಾವಾಗ ಗೊತ್ತಾಯ್ತು?"

ಅಣ್ಣ ನನ್ನನ್ನು ಕಾಪಾಡಲು ಏನೋ ಹೇಳಹೊರಟ. ನಾನು ತಡೆದೆ. "ಎರಡು ತಿಂಗಳಾಯ್ತು. ಅಣ್ಣ ಆವತ್ತೇ ಬರ್ತೀನಿ ಅಂದ. ನಾನೇ ಬಿಡ್ಲಿಲ್ಲ. ಆಣೆ ಹಾಕಿ ಕೂರಿಸಿದೆ."

"ಎರಡು ತಿಂಗಳು" ಅಂದಳು ಮೆಟ್ಟಿಲಮ್ಮ. "ಆವಾಗ ಇವರಿದ್ರು."

"ಇದ್ರು."

"ಚೆನ್ನಾಗೇ ಇದ್ರು. ಅಂಗಡಿಗೆ ಹೋಗ್ತಿದ್ರು."

ಹೊರಗೆ ಯಾರೋ ಬಕೆಟ್ಟಿಗೆ ನೀರು ಹಿಡಿಯುತ್ತಿದ್ದರು. ಅವಳು ಕೋಲು ಊರಿ, ಸೆಟೆದ ಕಾಲನ್ನು ಪಕ್ಕಕ್ಕೆ ಸರಿಸಿ ಎದ್ದಳು. ನಾನು ಹಿಡಿಯಹೋದರೆ ಕೈ ಕೊಡವಿಕೊಂಡಳು.

"ಎದ್ದೇಳಿ ಕಾಂಪೌಂಡರೇ." ಈ ಸಲ ‘ಅಣ್ಣ’ ಅಂತ ಕರೆಯಲಿಲ್ಲ ಅವಳು. "ನನಗೆ ಹೇಳಿದ್ದು ಸಾಕು. ಇವರಿಗೆ ಹೇಳಿ."

ಅವಳ ಕೋಲು ಆ ಖಾಲಿ ಕುರ್ಚಿಯನ್ನು ತೋರಿಸುತ್ತಿತ್ತು. ಇವಳಿಗೇನಾಯಿತು ಅಂತ ಅಣ್ಣನ ಮುಖ ನೋಡಿದೆ. ಅವನು ಆಗಲೇ ಗೋಡೆ ಹಿಡಿದು ಏಳುತ್ತಿದ್ದ. ಕುಂಟಿಕೊಂಡು ಹೋಗಿ ಕುರ್ಚಿಯ ಎದುರು ನಿಂತ, ಡಾಕ್ಟರ ಮುಂದೆ ನಿಂತ ಹಾಗೆ, ಕೈ ಕಟ್ಟಿಕೊಂಡು.

"ತಪ್ಪು ನನ್ನದು. ಹಳೇ ಬಾಟ್ಲಿಯಿಂದ ಔಷಧಿ ಎಳೆದೆ" ಅಂದ.

"ಜೋರಾಗಿ ಹೇಳಿ. ಅವರಿಗೆ ಕಿವಿ ಮಂದ."

"ತಪ್ಪು ನನ್ನದು! ಗೊತ್ತಿದ್ದೂ ಹಳೇ ಬಾಟ್ಲಿಯಿಂದ ಎಳೆದೆ! ಮೆಟ್ಲು ತೊಳೆದಿದ್ದರಿಂದ ಆಗಿದ್ದಲ್ಲ!"

"ಇನ್ನೂ ಜೋರಾಗಿ."

ಅಣ್ಣ ಕೂಗಿದ. ಅವನ ದನಿ ಅಷ್ಟು ಏರಿದ್ದನ್ನು ನಾನು ಜನ್ಮದಲ್ಲಿ ಕೇಳಿರಲಿಲ್ಲ. ಪಕ್ಕದ ಮನೆಯ ಬಾಗಿಲು ತೆರೆದ ಸದ್ದಾಯಿತು. ಮೆಟ್ಟಿಲಮ್ಮ ನನ್ನ ಕಡೆ ನೋಡಿದಳು. ನಾನೂ ಹೋಗಿ ಅಣ್ಣನ ಪಕ್ಕ ನಿಂತೆ. ಮಾತಿನಮಲ್ಲಿ ಅಂತ ಬೀದಿ ಪೂರ್ತಿ ಹೆಸರು ಮಾಡಿದವಳು, ಒಂದು ಮರದ ಕುರ್ಚಿಗೆ ಐದು ಪದ ಹೇಳಲು ಮೂರು ಸಲ ತಡವರಿಸಿದೆ. "ನಿಮಗೆ ಹೇಳದ ಹಾಗೆ ತಡೆದವಳು ನಾನು." ಕೊನೆಗೂ ಜೋರಾಗಿಯೇ ಹೇಳಿದೆ.

ಆಗ ಅವಳು ನಮ್ಮಿಬ್ಬರನ್ನೂ ಸರಿಸಿ ಮುಂದೆ ಬಂದಳು. ಕುರ್ಚಿಯ ಕೈಯ ಮೇಲೆ ತನ್ನ ಕೈ ಇಟ್ಟು, ಮಡಚದ ಕಾಲನ್ನು ಹಿಂದಕ್ಕೆ ಚಾಚಿ, ಎಷ್ಟು ಬಗ್ಗಬಹುದೋ ಅಷ್ಟು ಬಗ್ಗಿದಳು.

"ಕೇಳಿಸ್ತೇನ್ರೀ?" ಅಂದಳು. "ನಾನಲ್ಲ ಕಣ್ರೀ. ನಾನಲ್ಲ ಮಾಡ್ಕೊಂಡಿದ್ದು."

ಹಾಗೇ ಕಿವಿಗೊಟ್ಟು ಕಾದಳು. ಅವಳು ನೆಟ್ಟಗೆ ನಿಲ್ಲುವವರೆಗೂ ನಾವಿಬ್ಬರೂ ಅಲ್ಲಿಂದ ಕದಲಲಿಲ್ಲ.